ಒಂದು ಪರ್ಸೆಂಟಿಗೆ ಎಷ್ಟು ಕಿಲೋಮೀಟರ್? ಹಾಸನ, ಚಿಕ್ಕಮಗಳೂರಿನ ದಾರಿಗಳಲ್ಲಿ ಸಣ್ಣ ವಿದ್ಯುತ್ ಕಾರಿನ ಲೆಕ್ಕ

ಹಾಸನದಿಂದ ಬೇಲೂರಿನ ಮೇಲೆ ಹಾದು ಮೂಡಿಗೆರೆಯ ಅತ್ತೆಮನೆಗೆ ಹೋಗಲು ನನ್ನ ಕಾರಿಗೆ ಶೇ 36ರಷ್ಟು ಚಾರ್ಜ್ ಬೇಕು. ಆಷಾಢದ ಮಳೆ ಹಿಡಿದಿದ್ದರೆ ಶೇ 42. ಬರುವಾಗ ಡಿಕ್ಕಿಯಲ್ಲಿ ಬಾಳೆಗೊನೆ, ಅಕ್ಕಿ ಚೀಲ, ಕಾಳುಮೆಣಸಿನ ಗಂಟು ಎಲ್ಲ ಇದ್ದರೂ ಶೇ 35 ದಾಟುವುದಿಲ್ಲ. ಇದನ್ನೆಲ್ಲ ಈಗ ಥಟ್ಟನೆ ಹೇಳುತ್ತೇನೆ, ಆದರೆ ಕಾರು ಕೊಂಡ ಮೊದಲ ತಿಂಗಳು ಹೀಗಿರಲಿಲ್ಲ.

ಆ ತಿಂಗಳು ಮನೆಯವರನ್ನೆಲ್ಲ ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟಿದ್ದೆ. ಹಾಸನದಲ್ಲಿ ಬ್ಯಾಟರಿ ಭರ್ತಿಯಾಗಿತ್ತು. ಚಿಕ್ಕಮಗಳೂರು ತಲುಪಿದಾಗ ಶೇ 69 ಉಳಿದಿತ್ತು, ಪರದೆಯ ಮೇಲೆ ಇನ್ನೂ 138 ಕಿಲೋಮೀಟರ್ ಓಡಬಹುದು ಎಂದಿತ್ತು. ಕೈಮರ ದಾಟಿ ಏರು ಶುರುವಾದ ಮೇಲೆ ಆ ಸಂಖ್ಯೆ ಜಾತ್ರೆಯಲ್ಲಿ ಬಿಚ್ಚಿಟ್ಟ ಹಣದ ಹಾಗೆ ಕರಗತೊಡಗಿತು. 120, 101, 86. ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ 72 ಎಂದು ತೋರಿಸಿತು. ಹಾಸನ ಅಲ್ಲಿಂದ ಎಪ್ಪತ್ತೈದು ಕಿಲೋಮೀಟರ್ ದೂರದಲ್ಲಿತ್ತು. ನನ್ನ ಕೈ ಬೆವರಿತು. ಜಾಗ ಸಿಕ್ಕ ಕಡೆ ಕಾರು ತಿರುಗಿಸಿದೆ. ಅಮ್ಮ, "ಇಷ್ಟು ದೂರ ಬಂದು ದೇವರಿಗೆ ಕೈಮುಗಿಯದೆ ಹೋಗುವುದೇನೋ?" ಎಂದರು. ಇಳಿಯುತ್ತಾ ಬಂದ ಹಾಗೆ ಸಂಖ್ಯೆ ತಾನೇ ಏರಿತು. ಊರಿಗೆ ಇಳಿದಾಗ ನೂರು ದಾಟಿತ್ತು. ಮನೆ ತಲುಪಿದಾಗ ಬ್ಯಾಟರಿಯಲ್ಲಿ ಶೇ 26 ಉಳಿದಿತ್ತು. ಅಂದರೆ ಗಿರಿಗೆ ಧಾರಾಳವಾಗಿ ಹೋಗಿ ಬರಬಹುದಿತ್ತು. ಅಮ್ಮ ಇಂದಿಗೂ ಅದನ್ನು ಎತ್ತಿ ಆಡುತ್ತಾರೆ.

ತಪ್ಪು ಕಾರಿನದಲ್ಲ. ಬೆಳಗೊಳದ ಗದ್ದೆಯ ಇಳುವರಿ ನೋಡಿ ಮೂಡಿಗೆರೆಯ ಗದ್ದೆಗೆ ಭತ್ತ ಎಣಿಸಿದ ಹಾಗೆ ನಾನು ಎಣಿಸಿದ್ದೆ. ಈ ಲೇಖನ ಆ ಎಣಿಕೆಯನ್ನು ಸರಿಮಾಡಿಕೊಳ್ಳುವ ಕ್ರಮದ ಬಗ್ಗೆ. ಉದಾಹರಣೆಗಳೆಲ್ಲ 24 ಯೂನಿಟ್ ಬ್ಯಾಟರಿಯ ಸಣ್ಣ ಕಾರಿನವು. ನಿಮ್ಮದು ಚಿಕ್ಕದೋ ದೊಡ್ಡದೋ ಆದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಮೊದಲ ಹೆಜ್ಜೆ: ಫಲಕದ ಸಂಖ್ಯೆಯನ್ನು ಓದುವುದು

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್ ಎಂದು ಬರೆದಿರುತ್ತಾರೆ. ಹೆದರಬೇಕಾಗಿಲ್ಲ. ಅದು ನಮ್ಮ ಮನೆಯ ಕರೆಂಟ್ ಬಿಲ್ಲಿನ ಯೂನಿಟ್, ಬೇರೇನೂ ಅಲ್ಲ. 2022ರಲ್ಲಿ ಬಂದ ಟಾಟಾ ಟಿಯಾಗೊ ಇವಿಯಲ್ಲಿ 19.2 ಮತ್ತು 24 ಯೂನಿಟ್‌ಗಳ ಎರಡು ಬ್ಯಾಟರಿಗಳಿದ್ದವು. ಬಿಡುಗಡೆಯಾದಾಗ ಅವುಗಳಿಗೆ ಹೇಳಿದ ದೂರ 250 ಮತ್ತು 315 ಕಿಲೋಮೀಟರ್. 2023ರಲ್ಲಿ ಬಂದ ಎಂಜಿ ಕಾಮೆಟ್‌ನ ಬ್ಯಾಟರಿ 17.3 ಯೂನಿಟ್, ಹೇಳಿದ ದೂರ 230. 2024ರ ಜನವರಿಯಲ್ಲಿ ಬಂದ ಪಂಚ್ ಇವಿಯದು 25 ಮತ್ತು 35 ಯೂನಿಟ್, ದೂರ 315 ಮತ್ತು 421.

ಈ ಸಂಖ್ಯೆಗಳು ಸುಳ್ಳಲ್ಲ, ಆದರೆ ನಮ್ಮ ರಸ್ತೆಯವೂ ಅಲ್ಲ. ಎಂಐಡಿಸಿ ಎಂಬ ಭಾರತೀಯ ಪರೀಕ್ಷಾ ಕ್ರಮದಲ್ಲಿ ಕಾರನ್ನು ಪ್ರಯೋಗಾಲಯದ ರೋಲರ್‌ಗಳ ಮೇಲೆ ಓಡಿಸುತ್ತಾರೆ. ಒಂದು ಸುತ್ತಿಗೆ 1,180 ಸೆಕೆಂಡ್, ದೂರ ಹತ್ತೂವರೆ ಕಿಲೋಮೀಟರಿನಷ್ಟು. ಸರಾಸರಿ ವೇಗ ಗಂಟೆಗೆ 32 ಕಿಲೋಮೀಟರಿನ ಆಸುಪಾಸು, ಗರಿಷ್ಠ 90. ಅಲ್ಲಿ ಏರು ಇಲ್ಲ, ಎದುರುಗಾಳಿ ಇಲ್ಲ, ಎಸಿ ಇಲ್ಲ, ಹಿಂದಿನ ಸೀಟಿನಲ್ಲಿ ಭಾವನ ಮನೆಯವರೂ ಇಲ್ಲ. ಈ ಪರೀಕ್ಷೆಗೆ ನಗರದೊಳಗಿನ ಭಾಗ ಮತ್ತು ನಗರದ ಹೊರಗಿನ ಭಾಗ ಎಂದು ಎರಡು ತುಂಡುಗಳಿವೆ. ಷೋರೂಮಿಗೆ ಹೋದಾಗ, ಫಲಕದ ಸಂಖ್ಯೆ ಮೊದಲ ಭಾಗದ್ದು ಮಾತ್ರವೋ ಎರಡೂ ಸೇರಿದ್ದೋ ಎಂದು ಕೇಳಿ. ಎರಡೂ ಸೇರಿದ ಸಂಖ್ಯೆ ಚಿಕ್ಕದಾಗಿರುತ್ತದೆ, ನಂಬಲು ಹೆಚ್ಚು ಯೋಗ್ಯವಾಗಿರುತ್ತದೆ.

ಮೊದಲ ಭಾಗದ ಸಂಖ್ಯೆಯಾದರೆ ಅದರ ಮೂರರಲ್ಲಿ ಎರಡು ಪಾಲನ್ನು ಹಿಡಿದು ಹೊರಡಿ ಎಂಬುದು ನನ್ನ ಸಲಹೆ. 315 ಎಂದಿದ್ದರೆ 210. ಇದು ಆರಂಭದ ಅಂದಾಜು, ಅಷ್ಟೇ. ನಿಜವಾದ ಸಂಖ್ಯೆಯನ್ನು ನೀವೇ ಅಳೆದುಕೊಳ್ಳಬೇಕು.

ಎರಡನೆಯ ಹೆಜ್ಜೆ: ಒಂದು ನೋಟ್‌ಬುಕ್, ಮೂರು ಪ್ರಯಾಣ

ಪರದೆಯ ಮೇಲಿನ "ಇನ್ನು ಇಷ್ಟು ಕಿಲೋಮೀಟರ್" ಎಂಬ ಸಂಖ್ಯೆಯನ್ನು ಮೊದಲು ಮರೆತುಬಿಡಿ. ಕಾರು ಇಷ್ಟು ಹೊತ್ತು ಎಷ್ಟು ಖರ್ಚು ಮಾಡಿದೆಯೋ ಅದನ್ನೇ ಮುಂದಿನ ದಾರಿಗೂ ಎಳೆದು ಹೇಳುವ ಭವಿಷ್ಯ ಅದು. ಏರಿನಲ್ಲಿದ್ದರೆ ಲೋಕವೆಲ್ಲ ಏರು ಎಂದುಕೊಳ್ಳುತ್ತದೆ, ಇಳಿಜಾರಿನಲ್ಲಿದ್ದರೆ ಲೋಕವೆಲ್ಲ ಇಳಿಜಾರು. ನನ್ನನ್ನು ಗಿರಿಯಿಂದ ಹಿಂದಕ್ಕೆ ಅಟ್ಟಿದ್ದು ಅದೇ. ನೋಡಬೇಕಾದದ್ದು ಬ್ಯಾಟರಿಯ ಪರ್ಸೆಂಟ್ ಮತ್ತು ಟ್ರಿಪ್ ಮೀಟರ್ ಎರಡನ್ನೇ.

ಅಳತೆ ಹೀಗೆ ಮಾಡಿ. ಹಿಂದಿನ ರಾತ್ರಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಬೆಳಿಗ್ಗೆ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಕನಿಷ್ಠ ಶೇ 25 ಖಾಲಿಯಾಗುವವರೆಗೆ ಒಂದೇ ಬಗೆಯ ದಾರಿಯಲ್ಲಿ ಓಡಿಸಿ, ಓಡಿದ ದೂರವನ್ನು ಖಾಲಿಯಾದ ಪರ್ಸೆಂಟಿನಿಂದ ಭಾಗಿಸಿ. ಐದು ಹತ್ತು ಪರ್ಸೆಂಟಿನ ಅಳತೆಯನ್ನು ನೆಚ್ಚಬೇಡಿ, ಏಕೆಂದರೆ ಒಂದೆರಡು ಪರ್ಸೆಂಟಿನ ತಪ್ಪೇ ಲೆಕ್ಕವನ್ನು ಕೆಡಿಸುತ್ತದೆ. ಟಿಯಾಗೊ ಇವಿಯಂಥ ಕಾರುಗಳ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹೀಗಾಗಿ ಎಷ್ಟು ಉಳಿದಿದೆ ಎಂಬ ಕಾರಿನ ಊಹೆ ದಿನ ಕಳೆದಂತೆ ಅಷ್ಟಿಷ್ಟು ಜಾರುತ್ತದೆ. ಆಗಾಗ ಶೇ 100ರವರೆಗೆ ತುಂಬಿಸಿದರೆ ಆ ಊಹೆ ಮತ್ತೆ ಹಳಿಗೆ ಬರುತ್ತದೆ.

ಮೂರು ಬಗೆಯ ದಾರಿಗಳನ್ನು ಅಳೆದರೆ ಸಾಕು. ನನಗೆ ಸಿಕ್ಕ ಸಂಖ್ಯೆಗಳು ಹೀಗಿವೆ. ಹಾಸನ ಪೇಟೆಯೊಳಗೆ, ಎನ್.ಆರ್. ವೃತ್ತ, ಬಿ.ಎಂ. ರಸ್ತೆ, ಮಕ್ಕಳ ಶಾಲೆ ಎಂದು ಸುತ್ತಾಡಿದರೆ ಒಂದು ಪರ್ಸೆಂಟಿಗೆ 2.3 ಕಿಲೋಮೀಟರ್. ಹಗರೆ ದಾಟಿ ಬೇಲೂರು, ಚಿಕ್ಕಮಗಳೂರಿನ ಕಡೆ 50ರಿಂದ 60ರ ವೇಗದಲ್ಲಿ ನಾಲ್ಕು ಜನ ಹೋದರೆ 2. ಚನ್ನರಾಯಪಟ್ಟಣದ ಕಡೆ ಹೆದ್ದಾರಿಯಲ್ಲಿ 90ರಲ್ಲಿ ಎಸಿ ಹಾಕಿಕೊಂಡು ಹೋದರೆ 1.6. ಅದೇ ಕಾರು, ಅದೇ ಬ್ಯಾಟರಿ. ಪೇಟೆಯಲ್ಲಿ 230 ಕಿಲೋಮೀಟರ್ ಓಡುವುದು ಹೆದ್ದಾರಿಯಲ್ಲಿ 160ಕ್ಕೆ ನಿಲ್ಲುತ್ತದೆ. ಪೆಟ್ರೋಲ್ ಕಾರಿಗೆ ಒಗ್ಗಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರೆಲ್ಲ ವಾಹನ ಕಿಕ್ಕಿರಿದು, ಪೆಟ್ರೋಲ್ ಕಾರುಗಳು ನಿಂತಲ್ಲೇ ಎಣ್ಣೆ ಕುಡಿಯುತ್ತಿರುವಾಗ ನಮ್ಮ ಕಾರು ಸುಮ್ಮನೆ ನಿಂತಿರುತ್ತದೆ. ದೀಪ, ಫ್ಯಾನು ಬಿಟ್ಟರೆ ಖರ್ಚಿಲ್ಲ.

ಇನ್ನೊಂದು ಮಾತು. 24 ಯೂನಿಟ್ ಎಂದು ಬರೆದಿದ್ದರೂ ಅಷ್ಟನ್ನೂ ಬಳಸಲು ಕಾರು ಬಿಡುವುದಿಲ್ಲ. ಬ್ಯಾಟರಿಯ ಆಯಸ್ಸಿಗಾಗಿ ಸ್ವಲ್ಪವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಾನು 22 ಎಂದು ಹಿಡಿಯುತ್ತೇನೆ. ಹಾಗಾದರೆ ಒಂದು ಪರ್ಸೆಂಟ್ ಎಂದರೆ 0.22 ಯೂನಿಟ್. ಮುಂದಿನ ಲೆಕ್ಕಕ್ಕೆ ಈ ಸಂಖ್ಯೆ ಬೇಕು.

ಮೂರನೆಯ ಹೆಜ್ಜೆ: ಏರನ್ನು ಮೀಟರಿನಲ್ಲಿ ಎಣಿಸುವುದು

ಬಯಲುಸೀಮೆಯವರಿಗೆ ಇಲ್ಲದ, ನಮಗೆ ಮಾತ್ರ ಇರುವ ಅಧ್ಯಾಯ ಇದು. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಭಾರವನ್ನು ಮೇಲಕ್ಕೆ ಎತ್ತಲು ಬೇಕಾಗುವ ಶಕ್ತಿಗೆ ದಾರಿಯ ಉದ್ದ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು. ಕಾರು, ಜನ, ಸಾಮಾನು ಸೇರಿ 1,400 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು 100 ಮೀಟರ್ ಮೇಲೆತ್ತಲು 0.38 ಯೂನಿಟ್ ಬೇಕು. ಮೋಟರ್, ಗೇರ್‌ಗಳಲ್ಲಿ ಸೋರುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ 0.43ರಷ್ಟು ಹೋಗುತ್ತದೆ. ನಮ್ಮ 0.22ರಿಂದ ಭಾಗಿಸಿದರೆ ಸುಮಾರು ಎರಡು ಪರ್ಸೆಂಟ್. ನೂರು ಮೀಟರ್ ಏರಿಗೆ ಎರಡು ಪರ್ಸೆಂಟ್, ದಾರಿಯ ಖರ್ಚು ಬೇರೆ. ಇದೊಂದನ್ನು ಡ್ಯಾಶ್‌ಬೋರ್ಡಿನ ಮೇಲೆ ಚೀಟಿ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ. 17 ಯೂನಿಟ್ ಬ್ಯಾಟರಿಯ ಹಗುರ ಕಾರಾದರೆ ಎರಡೂವರೆ ಎಂದುಕೊಳ್ಳಿ.

ಈಗ ಗಿರಿಯ ಲೆಕ್ಕ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕಾರು ತುದಿಯವರೆಗೆ ಹೋಗುವುದಿಲ್ಲ, ಕೊನೆಗೆ ಮೆಟ್ಟಿಲು ಹತ್ತಲೇಬೇಕು. ಹಾಗಾಗಿ ಕಾರು ಏರುವುದು 750 ಮೀಟರ್ ಎಂದು ಹಿಡಿಯೋಣ. ಏರಿಗೆ ಶೇ 15. ಇಪ್ಪತ್ತು ಕಿಲೋಮೀಟರ್ ದಾರಿ, ನಿಧಾನದ ವೇಗ, ಅದಕ್ಕೆ ಶೇ 8. ಒಟ್ಟು 23. ಅಂದರೆ ಹೋಗುವಾಗ ಒಂದು ಪರ್ಸೆಂಟಿಗೆ ಒಂದು ಕಿಲೋಮೀಟರ್ ಕೂಡ ಸಿಗುವುದಿಲ್ಲ. ಅಂದು ನಾನು ನೋಡಿ ಕಂಗಾಲಾದದ್ದು ಇದನ್ನೇ.

ಆದರೆ ಏರಿದ್ದು ಇಳಿಯಲೇಬೇಕಲ್ಲ. ಇಳಿಜಾರಿನಲ್ಲಿ ಕಾಲು ತೆಗೆದ ಕೂಡಲೇ ಮೋಟರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ಕರೆಂಟು ಕಳಿಸುತ್ತದೆ. ರೀಜೆನ್ ಎನ್ನುವುದು ಇದಕ್ಕೇ. ಏರಿದಾಗ ಕೊಟ್ಟದ್ದೆಲ್ಲ ಮರಳಿ ಬರುವುದಿಲ್ಲ. ಅದರಲ್ಲಿ ಒಂದು ಪಾಲು ಚಕ್ರ ಉರುಳಿಸುವುದಕ್ಕೇ ಹೋಗುತ್ತದೆ, ಉಳಿದದ್ದರಲ್ಲಿ ಮೂರನೆಯ ಒಂದು ಭಾಗ ದಾರಿಯಲ್ಲೇ ಸೋರುತ್ತದೆ. ಆದರೂ ಗಿರಿಯಿಂದ ಇಳಿಯುವಷ್ಟರಲ್ಲಿ ಮೂರು ನಾಲ್ಕು ಪರ್ಸೆಂಟ್ ಜಮೆಯಾಗಿರುತ್ತದೆ. ಹೋಗಿ ಬಂದ ನಲವತ್ತು ಕಿಲೋಮೀಟರಿಗೆ ಒಟ್ಟು ಖರ್ಚು ಶೇ 19 ಅಥವಾ 20. ಭಾಗಿಸಿ ನೋಡಿ, ಬೇಲೂರು ರಸ್ತೆಯ ಲೆಕ್ಕವೇ! ಘಟ್ಟ ಹತ್ತಿ ಅದೇ ಘಟ್ಟ ಇಳಿದು ಮನೆಗೆ ಬರುವವರಿಗೆ ಏರು ಅಷ್ಟೊಂದು ದುಬಾರಿಯಲ್ಲ. ಏರಿ ಅಲ್ಲೇ ಉಳಿಯುವವರಿಗೆ, ಅಥವಾ ಇಳಿದು ಹೋಗಿ ಕೊನೆಗೆ ಏರಿ ಬರಬೇಕಾದವರಿಗೆ ಮಾತ್ರ ಅದು ದುಬಾರಿ. ಹಾಸನದಿಂದ ಕರಾವಳಿಗೆ ಹೋಗುವ ನಾವು ಈ ಎರಡನೆಯ ಗುಂಪಿನವರು.

ಅದಕ್ಕೇ ನಾನು ಘಟ್ಟ ಇಳಿಯುವ ದಾರಿಯನ್ನು ಬಿಟ್ಟಿ ಎಂದು ಎಣಿಸುತ್ತೇನೆ. ಮೇಲೆ ಸಿಕ್ಕ ಮೂರು ಪರ್ಸೆಂಟ್ ಕೊಸರು. ಕೊಸರನ್ನು ನಂಬಿ ಯಾರೂ ಸಂತೆಗೆ ಹೋಗುವುದಿಲ್ಲ, ಸಿಕ್ಕರೆ ಬೇಡ ಎನ್ನುವುದೂ ಇಲ್ಲ.

ಇಲ್ಲೊಂದು ಎಚ್ಚರಿಕೆಯಿದೆ, ಇದನ್ನು ಷೋರೂಮಿನಲ್ಲಿ ನನಗೆ ಯಾರೂ ಹೇಳಲಿಲ್ಲ. ಬ್ಯಾಟರಿ ಪೂರ್ತಿ ತುಂಬಿದ್ದರೆ ರೀಜೆನ್ ಕೆಲಸ ಮಾಡುವುದಿಲ್ಲ, ಮಾಡಿದರೂ ಬಹಳ ಕಡಿಮೆ. ತುಂಬಿದ ಕೊಡಕ್ಕೆ ನೀರು ಹಿಡಿಸುವುದಿಲ್ಲವಲ್ಲ. ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಶೇ 100ರಲ್ಲಿ ಶಿರಾಡಿ ಇಳಿಯಲು ಹೊರಟರೆ ಎರಡು ನಷ್ಟ. ಬರಬೇಕಾದ ಕರೆಂಟು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಲು ತೆಗೆದರೆ ಕಾರು ತಾನೇ ನಿಧಾನವಾಗುತ್ತದೆ ಎಂದು ರೂಢಿಯಾಗಿರುವ ನಿಮಗೆ ತಿರುವಿನಲ್ಲಿ ಅದು ನಿಧಾನವಾಗದೆ ಗಾಬರಿಯಾಗುತ್ತದೆ. ಪೂರಾ ಬ್ರೇಕನ್ನೇ ಅವಲಂಬಿಸಬೇಕಾಗುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ. ಘಟ್ಟದ ಮೇಲಿನಿಂದ ಹೊರಡುವುದಾದರೆ ಶೇ 90ಕ್ಕೆ ಪ್ಲಗ್ ತೆಗೆಯಿರಿ. ರೀಜೆನ್ ಹಂತ ಬದಲಿಸುವ ಸೌಲಭ್ಯವಿದ್ದರೆ ಘಟ್ಟದಲ್ಲಿ ಹೆಚ್ಚಿನ ಹಂತದಲ್ಲಿ ಇಡಿ, ಸಪಾಟು ದಾರಿಯಲ್ಲಿ ಕಡಿಮೆ ಮಾಡಿ. ಸಪಾಟಿನಲ್ಲಿ ಕಾರನ್ನು ಉರುಳಲು ಬಿಡುವುದೇ ಲಾಭ.

ನಾಲ್ಕನೆಯ ಹೆಜ್ಜೆ: ವೇಗ

ಗಾಳಿ ಒಡ್ಡುವ ತಡೆ ವೇಗದ ವರ್ಗದಷ್ಟು ಬೆಳೆಯುತ್ತದೆ. 60ರಿಂದ 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಸಣ್ಣ ಕಾರುಗಳು ಎತ್ತರವಾಗಿ, ಡಬ್ಬಿಯಂತೆ ಇರುವುದರಿಂದ ಪೆಟ್ಟು ಇನ್ನೂ ಜೋರು. ಮಲೆನಾಡಿನ ತಿರುವುಗಳಲ್ಲಿ 90 ಹೋಗುವ ಪ್ರಶ್ನೆಯೇ ಇಲ್ಲವಾದ್ದರಿಂದ ಇದು ಹಾಸನದಿಂದ ಬೆಂಗಳೂರಿಗೆ ಹೋಗುವವರ ತಲೆನೋವು.

ಆ ದಾರಿ ಸುಮಾರು 185 ಕಿಲೋಮೀಟರ್. ಒಂದು ಪರ್ಸೆಂಟಿಗೆ 1.6 ಎಂದರೆ ಶೇ 115 ಬೇಕು, ಸಾಧ್ಯವಿಲ್ಲ. 70ರಲ್ಲಿ ಹೋದರೆ 1.9 ಸಿಗುತ್ತದೆ, ಶೇ 97 ಬೇಕು, ಕಾಗದದ ಮೇಲೆ ಸಾಧ್ಯ. ಆದರೆ ಬೆಂಗಳೂರಿನ ಬಾಗಿಲಲ್ಲಿ ಶೇ 3 ಹಿಡಿದುಕೊಂಡು ಟ್ರಾಫಿಕ್‌ನಲ್ಲಿ ನಿಲ್ಲುವ ಧೈರ್ಯ ನನಗಂತೂ ಇಲ್ಲ. ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಅರ್ಧ ಗಂಟೆ ವೇಗದ ಚಾರ್ಜರಿಗೆ ಹಾಕುವುದು ಕ್ಷೇಮ. ಹಾಗೆ ನಿಲ್ಲಿಸುವುದಾದರೆ 70ರಲ್ಲಿ ತೆವಳುವುದೂ ಬೇಡ, 80ರಲ್ಲಿ ಆರಾಮವಾಗಿ ಹೋಗಿ. ಕಾಮೆಟ್‌ನಂತಹ ಕಾರಿಗೆ ಡಿಸಿ ವೇಗದ ಚಾರ್ಜಿಂಗ್ ಇಲ್ಲ. ಅದನ್ನು ಊರೊಳಗಿನ ಓಡಾಟಕ್ಕೆಂದೇ ಕೊಳ್ಳಬೇಕು. ಹಾಸನದಲ್ಲಿದ್ದು ತಿಂಗಳಿಗೆರಡು ಬಾರಿ ಬೆಂಗಳೂರಿಗೆ ಹೋಗುವವರು ಅದನ್ನು ಕೊಂಡು ಆಮೇಲೆ ದೂರಿದರೆ ದೂರು ಯಾರ ಮೇಲೆ ಹೇಳಬೇಕು?

ಮಳೆ, ಚಳಿ, ಎಸಿ

ನಮ್ಮ ಹವೆ ಈ ಕಾರುಗಳಿಗೆ ಒಗ್ಗುತ್ತದೆ. ಏಪ್ರಿಲ್ ಬಿಟ್ಟರೆ ಎಸಿ ಅಷ್ಟಾಗಿ ಬೇಕಾಗುವುದಿಲ್ಲ, ಬ್ಯಾಟರಿಯೂ ಬೇಗ ಬಿಸಿಯಾಗುವುದಿಲ್ಲ. ಇನ್ನೊಂದು ಲಾಭವಿದೆ, ಯಾರೂ ಗಮನಿಸದ್ದು. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ತೆಳು, ಅದರ ತಡೆಯೂ ಅಷ್ಟು ಕಡಿಮೆ.

ನಮ್ಮನ್ನು ಕಾಡುವುದು ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆಯ ಮೇಲೆ ನೀರು ನಿಂತಿರುತ್ತದೆ. ಪ್ರತಿ ಚಕ್ರವೂ ಆ ನೀರನ್ನು ಪಕ್ಕಕ್ಕೆ ತಳ್ಳಿಕೊಂಡೇ ಹೋಗಬೇಕು. ವೈಪರ್, ದೀಪ ಇಡೀ ಹೊತ್ತು ಉರಿಯುತ್ತವೆ. ಗಾಜಿನ ಒಳಗೆ ಮಂಜು ಕಟ್ಟುತ್ತದೆ, ಅದನ್ನು ಬಿಡಿಸಲು ಎಸಿ ಹಾಕಲೇಬೇಕು. ಜೊತೆಗೆ ಪಶ್ಚಿಮದಿಂದ ಬೀಸುವ ಗಾಳಿ ಸಕಲೇಶಪುರದ ಕಡೆ ಹೋಗುವಾಗ ಮುಖಕ್ಕೇ ಹೊಡೆಯುತ್ತದೆ. ಇದೆಲ್ಲ ಸೇರಿ ನನ್ನ ಲೆಕ್ಕದಲ್ಲಿ ಆರರಲ್ಲಿ ಒಂದು ಪಾಲು ಹೆಚ್ಚು ಖರ್ಚು. ನೋಟ್‌ಬುಕ್ಕಿನಲ್ಲಿ ಮಳೆಗಾಲಕ್ಕೆ ಬೇರೆಯೇ ಪುಟ ಇಡಿ.

ಎಸಿಯ ಖರ್ಚು ಕಿಲೋಮೀಟರಿಗೆ ಅಲ್ಲ, ಗಂಟೆಗೆ. ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಎನ್ನೋಣ. 60ರಲ್ಲಿ ಓಡುವಾಗ ಅದು ಅರವತ್ತು ಕಿಲೋಮೀಟರಿಗೆ ಹಂಚಿಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಜಾತ್ರೆಯ ಜಂಗುಳಿಯಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ತೆವಳುವಾಗ ಅದೇ ಒಂದು ಯೂನಿಟ್ ಮೂರು ಪಟ್ಟು ಭಾರವಾಗುತ್ತದೆ. ಡಿಸೆಂಬರಿನ ಬೆಳಗಿನ ಚಳಿಗೆ ಹೀಟರ್ ಹಾಕುವವರು ಇನ್ನೂ ಹುಷಾರಾಗಿರಬೇಕು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಬಿಸಿ ಪುಕ್ಕಟೆ ಸಿಗುತ್ತಿತ್ತು, ಇಲ್ಲಿ ಬಿಸಿಯನ್ನೂ ಬ್ಯಾಟರಿಯಿಂದಲೇ ಕೊಳ್ಳಬೇಕು, ಅದೂ ಎಸಿಗಿಂತ ಹೆಚ್ಚಿನ ಬೆಲೆಗೆ. ಒಂದು ಸ್ವೆಟರ್ ಸಾಕಲ್ಲ.

ಟೈರಿನ ಗಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟು ಇರಲಿ, ಹದಿನೈದು ದಿನಕ್ಕೊಮ್ಮೆ ಟೈರ್ ತಣ್ಣಗಿರುವಾಗ ನೋಡಿಸಿ. ಟೈರ್ ಬದಲಿಸುವಾಗ ಅಗಲದ ಟೈರಿನ ಶೋಕಿಗೆ ಬೀಳಬೇಡಿ.

ಐದನೆಯ ಹೆಜ್ಜೆ: ಹೋದಲ್ಲಿ ಕರೆಂಟು ಸಿಗುತ್ತದೆಯೇ?

15 ಆಂಪಿಯರ್ ಪ್ಲಗ್ಗಿನಲ್ಲಿ, ಕಾರಿನ ಜೊತೆ ಬರುವ ಚಾರ್ಜರಿನಿಂದ ಗಂಟೆಗೆ ಸುಮಾರು ಹನ್ನೆರಡು ಪರ್ಸೆಂಟ್ ತುಂಬುತ್ತದೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳರೊಳಗೆ ಮುಗಿಯುತ್ತದೆ. ಚಾರ್ಜ್ ಆಗುವಾಗಲೂ ಸ್ವಲ್ಪ ಸೋರುವುದರಿಂದ 22 ಯೂನಿಟ್ ಒಳಗೆ ಹೋಗಲು ಮೀಟರಿನಲ್ಲಿ 25ರಷ್ಟು ಓಡುತ್ತದೆ. ಚಾರ್ಜಿಂಗ್ ಲೈನಿಗೆ ಒಂದು ಚಿಕ್ಕ ಮೀಟರ್ ಹಾಕಿಸಿದರೆ ನಿಮ್ಮ ನೋಟ್‌ಬುಕ್ಕಿನ ಲೆಕ್ಕವನ್ನು ತಾಳೆ ನೋಡಬಹುದು.

ತೋಟದ ಮನೆಗಳದ್ದು ಬೇರೆ ಕಥೆ. ಕಳೆದ ಮಳೆಗಾಲ ಮೂಡಿಗೆರೆಯ ಕಡೆಯ ಒಂದು ವಸತಿಗೃಹದಲ್ಲಿ ಉಳಿದಿದ್ದೆವು. ಫೋನಿನಲ್ಲಿ ಕೇಳಿದಾಗ "ಚಾರ್ಜಿಂಗ್ ಇದೆ ಸಾರ್" ಎಂದಿದ್ದರು. ಪ್ಲಗ್ ಇತ್ತು ನಿಜ, ಆದರೆ ಅರ್ತಿಂಗ್ ಇರಲಿಲ್ಲ. ಚಾರ್ಜರಿನ ಕೆಂಪು ದೀಪ ಹತ್ತಿಕೊಂಡು ಒಂದು ಯೂನಿಟ್ಟೂ ಒಳಗೆ ಹೋಗಲಿಲ್ಲ. ಬೆಳಗಿನವರೆಗೆ ಶೇ 31ನ್ನೇ ನೋಡುತ್ತಾ ನಿದ್ದೆಗೆಟ್ಟೆ. ಅಂದಿನಿಂದ ಎಲ್ಲಿಗೆ ಹೋಗುವುದಾದರೂ ಫೋನಿನಲ್ಲಿ ಮೂರು ಪ್ರಶ್ನೆ ಕೇಳುತ್ತೇನೆ. ಗೀಸರಿಗೆ ಹಾಕುವಂತಹ ದೊಡ್ಡ ಮೂರು ಪಿನ್ನಿನ ಪ್ಲಗ್ ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರ ಇದೆಯೇ? ಅರ್ತಿಂಗ್ ಸರಿಯಿದೆಯೇ? ಬೇರೆ ಯಾರಾದರೂ ಅಲ್ಲಿ ಕಾರು ಚಾರ್ಜ್ ಮಾಡಿಕೊಂಡು ಹೋಗಿದ್ದಾರೆಯೇ? ಮೂರನೆಯದಕ್ಕೆ ಹೌದು ಎಂದರೆ ಮೊದಲೆರಡನ್ನು ಕೇಳದಿದ್ದರೂ ನಡೆದೀತು.

ನಿಮ್ಮದೇ ತೋಟದ ಮನೆಯಾದರೆ ಎಲೆಕ್ಟ್ರೀಷಿಯನ್ನರನ್ನು ಕರೆಸಿ ನ್ಯೂಟ್ರಲ್ಲಿಗೂ ಅರ್ತಿಗೂ ನಡುವಿನ ವೋಲ್ಟೇಜ್ ನೋಡಿಸಿ. ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ, ಬೇಸಿಗೆಯಲ್ಲಿ ನೀರು ಹಾಕಿಸಿ. ಚಾರ್ಜಿಂಗ್ ಪ್ಲಗ್ಗಿಗೆ ಮೇನ್ ಬೋರ್ಡಿನಿಂದ ದಪ್ಪ ತಂತಿಯ ಪ್ರತ್ಯೇಕ ಲೈನು, ಅದಕ್ಕೆಂದೇ ಒಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಬೇಡ. ಎಂಟು ಗಂಟೆ ಎಡೆಬಿಡದೆ ಅಷ್ಟು ಕರೆಂಟು ಹರಿದರೆ ಅದು ಕರಗುತ್ತದೆ. ಮಂಜೂರಾದ ಲೋಡ್ ಸಾಲದಿದ್ದರೆ ಹಾಸನದವರು ಚೆಸ್ಕಾಂನಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂನಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಆಗ ಗಂಟೆಗೆ ಹನ್ನೆರಡು ಅಲ್ಲ, ಒಂಬತ್ತು ಹತ್ತು ಪರ್ಸೆಂಟ್ ಮಾತ್ರ.

ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಹಾಗಾಗಿ ಜೂನ್ ಬಂದರೆ ನಾನು "ನಾಳೆ ಹಾಕೋಣ" ಎನ್ನುವುದನ್ನು ಬಿಡುತ್ತೇನೆ. ಶೇ 60ಕ್ಕೆ ಇಳಿದರೆ ಅಂದೇ ರಾತ್ರಿ ಪ್ಲಗ್ಗು.

ಆರನೆಯ ಹೆಜ್ಜೆ: ಒಂದು ಪ್ರಯಾಣದ ಲೆಕ್ಕ ಬರೆಯುವುದು

ಹಾಸನದಿಂದ ಶಿರಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಹೋಗಿ ಅದೇ ದಿನ ಮರಳಬೇಕು. ನಾನು ದಾರಿಯನ್ನು ತುಂಡು ಮಾಡಿಕೊಳ್ಳುತ್ತೇನೆ.

ಹಾಸನದಿಂದ ಆಲೂರು, ಬಾಳ್ಳುಪೇಟೆ ದಾಟಿ ಸಕಲೇಶಪುರ ನಲವತ್ತು ಕಿಲೋಮೀಟರ್. ಶೇ 20. ಅಲ್ಲಿಂದ ಮಾರನಹಳ್ಳಿಯವರೆಗೆ ಹದಿನೈದರಷ್ಟು, ಶೇ 7. ಮುಂದೆ ಗುಂಡ್ಯದವರೆಗೆ ಇಪ್ಪತ್ತರಷ್ಟು ಇಳಿಜಾರು, ಖರ್ಚಿಲ್ಲ, ಕೊಸರು 3. ಗುಂಡ್ಯದಿಂದ ಧರ್ಮಸ್ಥಳಕ್ಕೆ ಮೂವತ್ತೈದರಷ್ಟು, ಕೆಳಗೆ ಸೆಕೆ, ಎಸಿ ಬೇಕೇ ಬೇಕು, ಶೇ 19. ಕೊಸರು ಸಿಕ್ಕಿತೆಂದು ಅದನ್ನು ಕಳೆದರೆ ಒಟ್ಟು 43. ತಲುಪಿದಾಗ ಕೈಯಲ್ಲಿ 57. ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಹಾಗಾದರೆ ವಾಪಸು ಹೋಗಬಹುದು ಎಂದು ಮನಸ್ಸು ಹೇಳುತ್ತದೆ. ಮನಸ್ಸಿಗೆ ಘಟ್ಟದ ಲೆಕ್ಕ ಬರುವುದಿಲ್ಲ.

ಬರುವಾಗ ಗುಂಡ್ಯದವರೆಗೆ 19. ಘಟ್ಟ 700 ಮೀಟರ್ ಏರು ಎಂದರೆ 14, ದಾರಿಗೆ 9, ಒಟ್ಟು 23. ಸಕಲೇಶಪುರಕ್ಕೆ 7. ಹಾಸನಕ್ಕೆ 20. ಸೇರಿ 69. ಇರುವುದು 57. ಹನ್ನೆರಡು ಕಡಿಮೆ ಬಿತ್ತು. ಮನೆ ಮುಟ್ಟುವಾಗ ಶೇ 20 ಉಳಿದಿರಬೇಕು ಎಂಬುದು ನನ್ನ ನಿಯಮ. ಶಿರಾಡಿಯಲ್ಲಿ ಲಾರಿ ಅಡ್ಡ ನಿಂತರೆ, ಗುಡ್ಡ ಜರಿದು ದಾರಿ ಮುಚ್ಚಿ ಚಾರ್ಮಾಡಿಯ ಕಡೆ ತಿರುಗಿಸಿದರೆ ಆ ಇಪ್ಪತ್ತೇ ಕಾಯುವುದು. ಹಾಗಾಗಿ ಬೇಕಾದದ್ದು ಇನ್ನೂ 32. ಸಾಧಾರಣ ಪ್ಲಗ್ಗಿನಲ್ಲಿ ಮೂರು ಗಂಟೆ, ವೇಗದ ಚಾರ್ಜರ್ ಸಿಕ್ಕರೆ ಅರ್ಧ ಗಂಟೆ. ದರ್ಶನ, ಊಟ, ಮರದ ಕೆಳಗೆ ಸ್ವಲ್ಪ ಹೊತ್ತು ಕೂರುವುದು ಎಂದರೆ ಮೂರು ಗಂಟೆ ಹೇಗೂ ಆಗುತ್ತದೆ. ಚಾರ್ಜಿಗೆ ಹಾಕಿ ಆಮೇಲೆ ದೇವಸ್ಥಾನಕ್ಕೆ ಹೋಗಿ, ದೇವಸ್ಥಾನದಿಂದ ಬಂದು ಚಾರ್ಜರ್ ಹುಡುಕಬೇಡಿ. ಘಟ್ಟ ಹತ್ತುವ ಮೊದಲೇ ತುಂಬಿಸಿಕೊಳ್ಳಿ, ಹತ್ತಿದ ಮೇಲೆ ಸಕಲೇಶಪುರದಲ್ಲಿ ನೋಡೋಣ ಎನ್ನಬೇಡಿ.

ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರ, ಚಾರ್ಮಾಡಿಯ ಮೇಲೆ ಹೋಗುವವರೂ ಇದೇ ರೀತಿ ತುಂಡು ಮಾಡಿಕೊಳ್ಳಬಹುದು. ಮೊಬೈಲಿನ ನಕ್ಷೆಯಲ್ಲಿ ಎರಡು ಊರುಗಳ ಎತ್ತರ ನೋಡಿ ಕಳೆದರೆ ಏರಿನ ಮೀಟರ್ ಸಿಗುತ್ತದೆ.

ಲೆಕ್ಕ ತಪ್ಪಿದರೆ

ದಾರಿಯಲ್ಲಿ ಚಾರ್ಜ್ ಸಾಲದು ಅನ್ನಿಸಿದರೆ ಮೊದಲು ವೇಗ ಇಳಿಸಿ. ಎಸಿ ಆರಿಸುವುದು ಆಮೇಲೆ. ಸಪಾಟು ದಾರಿಯಲ್ಲಿ 80ರಿಂದ 50ಕ್ಕೆ ಬಂದರೆ ಉಳಿಯುವುದು ಎಸಿ ಆರಿಸಿದರೆ ಉಳಿಯುವುದಕ್ಕಿಂತ ಹೆಚ್ಚು. ಏರಿನಲ್ಲಿ ನಿಧಾನಿಸಿ ಹೆಚ್ಚು ಪ್ರಯೋಜನವಿಲ್ಲ, ಎತ್ತುವ ಭಾರ ಅಷ್ಟೇ ಇರುತ್ತದೆ. ಶೇ 10ರ ಕೆಳಗೆ ಹೋದರೆ ಕಾರು ತಾನೇ ಶಕ್ತಿ ತಗ್ಗಿಸಬಹುದು. ಆ ಸ್ಥಿತಿಯಲ್ಲಿ ಘಟ್ಟ ಹತ್ತಲು ಹೊರಡಬೇಡಿ, ತಿರುವಿನ ನಡುವೆ ನಿಂತರೆ ಹಿಂದೆ ಬರುವ ಲಾರಿಗೆ ನೀವು ಕಾಣುವುದಿಲ್ಲ. ಪೆಟ್ರೋಲ್ ಬಂಕ್, ಹೋಟೆಲ್, ಯಾರದಾದರೂ ಮನೆಯ ಅಂಗಳ, ಎಲ್ಲಾದರೂ ಸರಿ, ಶೇ 10 ಇರುವಾಗಲೇ ನಿಲ್ಲಿಸಿ ಕೇಳಿ. ನಮ್ಮ ಕಡೆಯ ಜನ ಕಾಫಿ ಕೊಟ್ಟು ಪ್ಲಗ್ಗನ್ನೂ ಕೊಡುತ್ತಾರೆ, ಹೊರಡುವಾಗ ಯೂನಿಟ್ಟಿನ ಹಣ ಕೊಡಲು ಮರೆಯಬೇಡಿ.

ಪೂರ್ತಿ ನಿಂತೇಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟು ಹುಟ್ಟುತ್ತದೆ, ಒಳಗಿನ ಭಾಗಗಳು ಕೆಡಬಹುದು. ನಾಲ್ಕೂ ಚಕ್ರ ಮೇಲಿರುವ ಹಾಗೆ ಹೊತ್ತೊಯ್ಯುವ ಸಮತಟ್ಟಿನ ಗಾಡಿಯನ್ನೇ ಕರೆಸಿ. ಆ ಸಹಾಯದ ದೂರವಾಣಿ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲ, ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಬರೆದಿಡಿ, ಏಕೆಂದರೆ ಕಾರಿನ ಬ್ಯಾಟರಿ ಮುಗಿಯುವ ಹೊತ್ತಿಗೆ ದಾರಿ ನೋಡಿ ನೋಡಿ ಫೋನಿನದೂ ಮುಗಿದಿರುತ್ತದೆ.